ಮೂಲೆಮನೆಯಲ್ಲಿಟ್ಟ ಪರಸ್ಥಾನ

ನನಗೆ ಕನ್ನಡಕ ಬಂದಾಗ ಮನೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ. ಬೋರ್ಡಿನ ಮೇಲಿನ ಅಕ್ಷರ ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದುದನ್ನು ಕಂಡುಹಿಡಿದ ಭೂಗೋಳದ ಟೀಚರು ಅಪ್ಪನಿಗೆ ಹೇಳಿಕಳಿಸಿದ್ದರು. ಅಪ್ಪ ಮರುಮಾತಿಲ್ಲದೆ ಮಾಡಿಸಿಕೊಟ್ಟರು. ಅಜ್ಜಿಗೆ ಮಾತ್ರ ಎದೆ ಒಡೆದುಹೋಯಿತು. ಹೆಣ್ಣುಹುಡುಗಿ ಇಷ್ಟು ಬೇಗ ಕನ್ನಡಕ ಹಾಕಿದರೆ ನಾಳೆ ನೋಡಲು ಬಂದವರು ಏನೆಂದಾರು ಎಂದು ಬಸವನಗುಡಿಯ ಅರ್ಧ ಜನರ ಮುಂದೆ ಅತ್ತುಕೊಂಡಳು. ಯಾರಾದರೂ ಮನೆಗೆ ಬಂದರೆ ಸಾಕು, ಅದನ್ನು ತೆಗೆದಿಡು ಎಂದು ದೂರದಿಂದಲೇ ಸನ್ನೆ ಮಾಡುತ್ತಿದ್ದಳು. ಆ ಸನ್ನೆ ಕಾಣಬೇಕಾದರೂ ನನಗೆ ಕನ್ನಡಕ ಬೇಕಿತ್ತು ಎಂಬುದು ಬೇರೆ ಮಾತು.

ಆ ವರ್ಷ ಮಲ್ಲೇಶ್ವರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪ್ರಶ್ನೋತ್ತರ ಸ್ಪರ್ಧೆ ಇಟ್ಟುಕೊಂಡಿದ್ದರು. ಕ್ವಿಜ್ ಎಂಬ ಮಾತು ಇನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ನಮ್ಮ ಶಾಲೆಯಿಂದ ಚರಿತ್ರೆಗೊಬ್ಬಳು, ವಿಜ್ಞಾನಕ್ಕೊಬ್ಬಳು, ಭೂಗೋಳಕ್ಕೆ ನಾನು. ಗೋಡೆಗೆ ಹೆಸರುಗಳಿಲ್ಲದ ಭೂಪಟ ತೂಗುಹಾಕಿ ಕೋಲಿನಿಂದ ತೋರಿಸುತ್ತಾರೆ. ಅದು ಯಾವ ನದಿ, ಯಾವ ಬೆಟ್ಟ ಎಂದು ಕೂತಲ್ಲಿಂದಲೇ ಹೇಳಬೇಕು. ಕನ್ನಡಕವಿಲ್ಲದಿದ್ದರೆ ನನಗೆ ನದಿಯೂ ಒಂದೇ, ಗೋಡೆಯ ಬಿರುಕೂ ಒಂದೇ.

ಸ್ಪರ್ಧೆ ಶನಿವಾರ, ನಾವು ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ. ಟೀಚರು ಹೊತ್ತು ಬದಲಿಸಲು ಒಪ್ಪಲಿಲ್ಲ. ಅಜ್ಜಿ ನನ್ನನ್ನು ಹೊಸಿಲು ದಾಟಿಸಲು ಒಪ್ಪಲಿಲ್ಲ. ಕೊನೆಗೆ ಅಜ್ಜಿಯೇ ಪರಸ್ಥಾನ ಇಡುತ್ತೇನೆಂದಳು. ಕೆಟ್ಟ ಹೊತ್ತಿನಲ್ಲಿ ಹೊರಡಲೇಬೇಕಾದವರ ಸಾಮಾನೊಂದನ್ನು ಒಳ್ಳೆಯ ಹೊತ್ತಿನಲ್ಲೇ ಒಯ್ದು, ಹೋಗುವ ದಿಕ್ಕಿನ ಇನ್ನೊಂದು ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆಮೇಲೆ ರಾಹು ಏನೂ ಮಾಡುವಂತಿಲ್ಲ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕಿ, ಅರಿಶಿನದ ಜೊತೆ ನನ್ನ ಸಾಮಾನೊಂದನ್ನು ಗಂಟುಕಟ್ಟಿ ಬೀದಿಯ ಉತ್ತರದ ಮೂಲೆಮನೆಯಲ್ಲಿ ಇಟ್ಟುಬಂದಿದ್ದಳು. ಯಾವ ಸಾಮಾನು ಎಂದು ಕೇಳಿದೆ. ಕನ್ನಡಕ ಎಂದಳು.

"ಹೋಗ್ತಾ ಎತ್ಕೊಂಡು ಹೋಗು. ದಾರೀಲೇ ಇದೆಯಲ್ಲ."

ಎತ್ತಿಕೊಳ್ಳಲು ಹೋದರೆ ಮೂಲೆಮನೆಗೆ ಬೀಗ. ನಂಬಲಾಗದೆ ಕೈಯಿಂದ ಮುಟ್ಟಿ ನೋಡಿದೆ, ಬೀಗವೇ. ಅಪ್ಪ ಆಫೀಸಿಗೆ ಹೋಗಿಯಾಗಿತ್ತು. ಗಾಂಧಿಬಜಾರಿನ ಬಸ್ ಸ್ಟಾಪಿನಲ್ಲಿ ಟೀಚರು ನಿಂತಿದ್ದರು. ಅವರು ಬಸ್ಸನ್ನಾದರೂ ಕಾಯಿಸಿಯಾರು, ತಾವು ಕಾಯುವವರಲ್ಲ. ಬೇರೆ ದಾರಿ ಕಾಣದೆ ಓಡಿದೆ.

ಬಸ್ಸು ಹತ್ತಿದ ಮೇಲೆ ಟೀಚರಿಗೆ ವಿಷಯ ಹೇಳಿದೆ. ಕನ್ನಡಕಕ್ಕೆ ಯಾಕಮ್ಮ ಮುಹೂರ್ತ ಎಂದು ಕೇಳಿದವರು, ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು. ಜೊತೆಗಾತಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಪಿಸುಗುಟ್ಟತೊಡಗಿದರು. ನನಗೆ ಅಳುವಿಗಿಂತ ಸಿಟ್ಟೇ ಜಾಸ್ತಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿತ್ತು ನನ್ನ ಕಥೆ. ಪೆನ್ನಿರಲಿಲ್ಲವೇ, ರಿಬ್ಬನ್ನಿರಲಿಲ್ಲವೇ, ಕನ್ನಡಕವನ್ನೇ ಯಾಕೆ ಇಟ್ಟಳು? ನಾಲ್ಕು ಜನರ ಸಭೆಯಲ್ಲಿ ನಾನು ಅದನ್ನು ಹಾಕಿಕೊಂಡು ಕೂರಬಾರದೆಂದು ಬೇಕೆಂದೇ ಬಚ್ಚಿಟ್ಟಳು, ಪರಸ್ಥಾನ ಬರೀ ನೆಪ, ಎಂದು ರೈಲ್ವೆ ಸ್ಟೇಷನ್ ಬರುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ಅಲ್ಲಿ ಬಸ್ಸು ಬದಲಿಸುವಾಗ ಟೀಚರ ಕೊಡೆಯ ತುದಿ ಹಿಡಿದುಕೊಂಡೇ ನಡೆದೆ.

ಮಲ್ಲೇಶ್ವರದ ಶಾಲೆಯ ಗೇಟಿನ ಹತ್ತಿರ ಹಸಿರು ಸೀರೆಯೊಂದು ನಮ್ಮ ಕಡೆಗೇ ಬಂತು. ಸೀರೆ ಕಂಡಿತು, ಮುಖ ಕಾಣಲಿಲ್ಲ. ಎಷ್ಟು ಹೊತ್ತೇ ನಿಮ್ಮದು ಎಂದಾಗ ದನಿಯಿಂದ ಗುರುತು ಸಿಕ್ಕಿತು, ಮೂಲೆಮನೆ ಅತ್ತೆ! ಶೇಷಾದ್ರಿಪುರದಲ್ಲಿ ಅವರ ತಂಗಿಯ ಮಗುವಿಗೆ ಅಂದು ನಾಮಕರಣ. ರಾಹುಕಾಲಕ್ಕೆ ಹೆದರಿದವಳು ನಮ್ಮಜ್ಜಿಯೊಬ್ಬಳೇ ಅಲ್ಲವಲ್ಲ, ಅವರೂ ಅದಕ್ಕೆ ಮುಂಚೆಯೇ ಮನೆ ಬಿಟ್ಟಿದ್ದರು. ಸ್ಪರ್ಧೆ ಎಲ್ಲೆಂದು ಅಜ್ಜಿಯಿಂದ ಕೇಳಿ ತಿಳಿದಿದ್ದರೂ, ತಾವು ಬೇಗ ಹೊರಡುವುದನ್ನು ಅವಳಿಗೆ ಹೇಳಲು ಮರೆತಿದ್ದರಂತೆ.

"ಪರಸ್ಥಾನದ ಗಂಟು ಮನೆಗೆ ವಾಪಸ್ ಕೊಡೋ ಹಾಗಿಲ್ಲ, ಹೊರಟ ಪ್ರಯಾಣ ಹಿಂದಕ್ಕೆ ಬಂದ ಹಾಗಾಗುತ್ತೆ. ಅದಕ್ಕೇ ಜಟಕಾದಲ್ಲಿ ಇಲ್ಲಿಗೇ ತಂದ್ಬಿಟ್ಟೆ," ಎಂದು ಗಂಟನ್ನು ನನ್ನ ಕೈಗಿಟ್ಟರು. ಆಮೇಲೆ ನಗುತ್ತ, "ಬೇರೆ ಏನೂ ಸಿಗಲಿಲ್ವಾ ಅಂತ ನಿಮ್ಮಜ್ಜೀನ ಕೇಳಿದೆ. ಯಾವುದಿಲ್ದೆ ಅವಳು ಮುಂದಕ್ಕೆ ಹೋಗೋಕ್ಕಾಗಲ್ವೋ ಅದನ್ನೇ ಇಡಬೇಕು ಅಂದ್ರು," ಎಂದರು.

ಹೋದ ಜೀವ ಬಂತು. ಗಾಜಿಗೆ ಅರಿಶಿನ ಮೆತ್ತಿಕೊಂಡಿತ್ತು. ಲಂಗದ ಅಂಚಿನಿಂದ ಎಷ್ಟು ಒರೆಸಿದರೂ ಒಂದು ಮೂಲೆಯಲ್ಲಿ ಹಾಗೇ ಉಳಿಯಿತು, ಉಳಿಯಲಿ ಎಂದು ಹಾಕಿಕೊಂಡೆ. ಅತ್ತೆಯ ಮುಖ ಕಂಡಿತು, ಟೀಚರ ಹುಬ್ಬಿನ ಗಂಟು ಸಡಿಲವಾದದ್ದೂ ಕಂಡಿತು. ಅಜ್ಜಿಯ ಮೇಲೆ ದಾರಿಯುದ್ದಕ್ಕೂ ಕಾಯಿಸಿಕೊಂಡು ಬಂದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಸ್ಪರ್ಧೆಯಲ್ಲಿ ಭೂಪಟದ ಮೇಲೆ ಕೋಲಿನಿಂದ ತೋರಿಸಿದ್ದರಲ್ಲಿ ಒಂದು ಬೆಟ್ಟ ಬಿಟ್ಟು ಎಲ್ಲವನ್ನೂ ಹೇಳಿದೆ. ನಮಗೆ ಎರಡನೆಯ ಬಹುಮಾನ ಬಂತು. ವಾಪಸ್ ಬರುವಾಗ ಟೀಚರು, ಮುಂದಿನ ವರ್ಷ ನಮ್ಮೆಲ್ಲರ ಪರಸ್ಥಾನವನ್ನೂ ನಿಮ್ಮಜ್ಜಿಯಿಂದಲೇ ಇಡಿಸೋಣ ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ಅವರ ಮುಖದಿಂದ ತಿಳಿಯುವಂತಿರಲಿಲ್ಲ.

ಸಂಜೆ ಬಂದಾಗ ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ನಾನು ಹೋದ ಸ್ವಲ್ಪ ಹೊತ್ತಿಗೆ ಬೀದಿಗಿಳಿದು ಮೂಲೆಮನೆಯ ಬೀಗ ನೋಡಿದ್ದಳಂತೆ. ಅಲ್ಲಿಂದ ತುತ್ತು ಅನ್ನ ಬಾಯಿಗಿಟ್ಟಿಲ್ಲ ಎಂದು ಅಮ್ಮ ಒಳಗಿನಿಂದಲೇ ದೂರಿದರು. ಅಜ್ಜಿ ಬಹುಮಾನದ ಮಾತೆತ್ತಲಿಲ್ಲ. ನನ್ನ ಗಲ್ಲ ಹಿಡಿದು ಕನ್ನಡಕವನ್ನೇ ನೋಡಿದಳು.

"ಕಣ್ಣು ಕಾಣಿಸ್ತೇನೇ?"

ಎಲ್ಲ ಕಾಣಿಸಿತು ಅಜ್ಜಿ ಎಂದೆ. ಅಷ್ಟರಲ್ಲಿ ಅಪ್ಪನನ್ನು ಕೇಳಿಕೊಂಡು ಯಾರೋ ಗಂಡಹೆಂಡಿರು ಗೇಟು ತೆಗೆದು ಬಂದರು. ರೂಢಿಯಂತೆ ನನ್ನ ಕೈ ಕನ್ನಡಕಕ್ಕೆ ಹೋಯಿತು. ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು.

"ಇರಲಿ ಬಿಡೇ, ಹಾಕ್ಕೊಂಡೇ ಇರು," ಎಂದಳು. ಆಮೇಲೆ ಬಂದವರಿಗೆ ಕೂರಲು ಹೇಳಿ, ಊಟಕ್ಕೆ ಎದ್ದಳು.