ಬೆರಳಿಗೆ ಸಿಗುವ ರಕ್ತ

ಮೂತ್ರಪಿಂಡ ಸೋತವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡುವಾಗ ಪಳಗಿದ ವೈದ್ಯರಿಗೂ ಅತ್ತ ದರಿ, ಇತ್ತ ಪುಲಿ. ಕೊಟ್ಟರೆ ರಕ್ತಸ್ರಾವದ ಭಯ, ಬಿಟ್ಟರೆ ಹೃದಯಾಘಾತದ ಭಯ. ಈ ಇಕ್ಕಟ್ಟಿನ ಹಾದಿಯಲ್ಲಿ ಮೂರು ದಶಕ ಧೈರ್ಯದಿಂದ ನಡೆದು, ನಮ್ಮಂಥ ಅಂಜುಬುರುಕರನ್ನೂ ನಡೆಸಿ, ಈಗ ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆ, ಎಲ್ಲರ ‘ದೊಡ್ಡ ಮೇಡಂ’ ಕುರಿತು ಬರೆಯುವುದು ನನ್ನ ಭಾಗ್ಯ.

ಆಸ್ಪತ್ರೆಯ ಪಡಸಾಲೆಯ ತುದಿಯ ಕೋಣೆಯಲ್ಲಿ ಎರಡೇ ಡಯಾಲಿಸಿಸ್ ಯಂತ್ರಗಳಿದ್ದ ಕಾಲಕ್ಕೆ ಅವರು ಸೇವೆಗೆ ಸೇರಿದರಂತೆ. ಸೂಜಿ ತೆಗೆದ ಜಾಗವನ್ನು ತಾವೇ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ರಕ್ತ ನಿಲ್ಲುವವರೆಗೆ ರೋಗಿಯ ಮನೆಮಂದಿಯ ಕ್ಷೇಮಸಮಾಚಾರ ಕೇಳುತ್ತಿದ್ದರಂತೆ. ನಾನು ಬಂದಾಗಲೂ ಹಾಗೆಯೇ ಇದ್ದರು. ರೌಂಡ್ಸಿನಲ್ಲಿ ಗುಂಪಿನ ಹಿಂದೆ ಅಡಗುತ್ತಿದ್ದ ನನ್ನನ್ನು ಎಲ್ಲರೆದುರು ಪ್ರಶ್ನಿಸಿದವರಲ್ಲ. ಕೈ ತೊಳೆಯುವಾಗ, “ನಿಂಗೇನನ್ನಿಸ್ತಮ್ಮ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಮರುದಿನ ನನ್ನ ಉತ್ತರವನ್ನೇ “ಈ ಹುಡುಗಿ ಹೇಳಿದ್ದು” ಎಂದು ಸಭೆಗೆ ತಿಳಿಸುತ್ತಿದ್ದರು.

ಕಳೆದ ವರ್ಷ, ಡಯಾಲಿಸಿಸ್‌ಗೆ ಬರುತ್ತಿದ್ದ ಬಸ್ ಚಾಲಕರೊಬ್ಬರಿಗೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗೆ ಸ್ಟೆಂಟ್ ಹಾಕಿದ್ದರು. ತಿಂಗಳು ತುಂಬುವಷ್ಟರಲ್ಲಿ ದವಡೆ ಹಲ್ಲಿನಲ್ಲಿ ಕೀವಾಗಿ ಕೆನ್ನೆ ಊದಿತು, ಕೀಳದೆ ವಿಧಿಯಿರಲಿಲ್ಲ. ಸ್ಟೆಂಟಿಗಾಗಿ ನುಂಗುತ್ತಿದ್ದ ಎರಡೂ ಮಾತ್ರೆಗಳನ್ನು ವಾರ ಮೊದಲೇ ನಿಲ್ಲಿಸಿ ಬನ್ನಿ ಎಂದರು ದಂತವೈದ್ಯರು. ಇಷ್ಟು ಹೊಸ ಸ್ಟೆಂಟಿನವರು ಮಾತ್ರೆ ಬಿಟ್ಟರೆ ಅದರೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗಬಹುದು. ಚಾಲಕರ ಅಕ್ಕ ಮಾತ್ರ ದಂತವೈದ್ಯರ ಪಕ್ಷ.

“ಡಾಕ್ಟ್ರಮ್ಮಾ, ಇವನಿಗೆ ಸೂಜಿ ತೆಗೆದ್ರೇ ರಕ್ತ ನಿಲ್ಲಲ್ಲ. ಹಲ್ಲು ಕಿತ್ರೆ ಬಕೆಟ್ ಹಿಡೀಬೇಕು!”

“ಬಾಯಿಂದ ಬರೋ ರಕ್ತ ನನ್ನ ಬೆರಳಿಗೆ ಸಿಗುತ್ತೆ ಅಕ್ಕಾ, ಒತ್ತಿ ಹಿಡೀತೀನಿ. ಎದೆಯೊಳಗೆ ಹೆಪ್ಪುಗಟ್ಟಿದ್ರೆ ಯಾರ ಬೆರಳಿಗೂ ಸಿಗಲ್ಲ,” ಎಂದರು ಮೇಡಂ.

“ಇವನು ಬೆರಳು ಕಚ್ಚಿದ್ರೆ?”

“ಕಚ್ಚೋ ಹಲ್ಲು ಆಗಲೇ ಕಿತ್ತಾಗಿರುತ್ತಲ್ಲ!”

ಕೆನ್ನೆ ಹಿಡಿದುಕೊಂಡೇ ಚಾಲಕರು ನಕ್ಕರು.

ಮೇಡಂ ದಂತವೈದ್ಯರನ್ನು ದೂರಲಿಲ್ಲ. ಹೃದಯವೈದ್ಯರೊಡನೆ ಮಾತಾಡಿ, ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳಲು ಇಬ್ಬರು ವೈದ್ಯರನ್ನೂ ಒಪ್ಪಿಸಿದರು. ಡಯಾಲಿಸಿಸ್‌ನಲ್ಲಿ ರಕ್ತ ತೆಳುವಾಗಿಸಲು ಕೊಡುವ ಮದ್ದಿನ ಪ್ರಭಾವ ಇಳಿದಿರಲೆಂದು ಅದರ ಮರುದಿನವನ್ನೇ ಆರಿಸಿದರು. ಅಂದು ಬೆಳಿಗ್ಗೆಯೂ ಚಾಲಕರು ಎರಡೂ ಮಾತ್ರೆ ನುಂಗಿದರು. ಹಲ್ಲು ಕಿತ್ತು ಬಂತು, ಹೊಲಿಗೆ ಬಿತ್ತು. ಮೇಡಂ ಕೈಗವಸು ತೊಟ್ಟು, ರಕ್ತ ನಿಲ್ಲಿಸುವ ಮದ್ದಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದು ನಿಂತರು. ಮೊದಲ ಬಟ್ಟೆ ಕೆಂಪಾಯಿತು, ಎರಡನೆಯದೂ ಕೆಂಪಾಯಿತು. ಮೂರನೆಯದು ತಿಳಿ ಗುಲಾಬಿ. “ನಿಂತಿತು ಮೇಡಂ!” ಎಂದು ಮೊದಲು ಕೂಗಿದವರು ದಂತವೈದ್ಯರೇ.

ಮರುದಿನ ನಾನು ಚಾಲಕರ ಮನೆಗೆ ಫೋನ್ ಮಾಡಿದಾಗ ಅಕ್ಕನ ದನಿಯೇ ಜೋರಾಗಿ ಕೇಳಿಸಿತು: “ಬಾಯಿ ತೆಗಿಯೋ! ಡಾಕ್ಟ್ರಮ್ಮ ಅಷ್ಟು ಹೊತ್ತು ಕಾದ ಬಾಯಿ ಅದು. ನುಂಗು ಮಾತ್ರೆ!”

ಚಾಲಕರು ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. ಆ ದಂತವೈದ್ಯರು ಈಗ ಯಾರ ಮಾತ್ರೆ ನಿಲ್ಲಿಸುವ ಮೊದಲೂ ನಮ್ಮನ್ನು ಕೇಳುತ್ತಾರೆ.

ಮೇಡಂ, ಇನ್ನು ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೊರಟಿದ್ದೀರಿ. ಆಯುರಾರೋಗ್ಯ ನಿಮ್ಮ ಬೆನ್ನಿಗಿರಲಿ. ನೀವು ಕಲಿಸಿದವರ ಕುರ್ಚಿಯಿಂದ ಎದ್ದ ರೋಗಿಗಳು, ಹಲ್ಲು ಕೀಳಿಸಿಕೊಂಡ ದಿನವೂ ಮಾತ್ರೆ ತಪ್ಪಿಸದೆ, ತಮ್ಮ ಕಾಲ ಮೇಲೆ ತಾವೇ ಮನೆಗೆ ನಡೆದುಹೋಗಲಿ.