ಅವಳು ಕೂತರೆ ಆಫ್ ಆಗುವ ಕಂಪ್ಯೂಟರ್

ನಮ್ಮನೆ ಕಂಪ್ಯೂಟರಿಗೆ ನನ್ನ ಹೆಂಡತಿಯನ್ನು ಕಂಡರೆ ಆಗೋದಿಲ್ಲ. ಎರಡು ತಿಂಗಳು ನಾನು ಹೀಗೇ ಹೇಳಿಕೊಂಡು ತಿರುಗಿದೆ. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ.

ಬೆಳಗ್ಗೆ ನಾನು ಕೂತು ಈ ಅಂಕಣ ಟೈಪ್ ಮಾಡುವಾಗ ಅದು ಹಸುವಿನಷ್ಟು ಸಾಧು. ಮಧ್ಯಾಹ್ನ ನಾಗರತ್ನ ಕೂತಳೋ, ಇದ್ದಕ್ಕಿದ್ದಂತೆ ಸ್ಕ್ರೀನ್ ಕಪ್ಪಾಗಿ, ಒಳಗಿನ ಫ್ಯಾನ್ ನಿಂತು, ಮತ್ತೆ ತಾನಾಗಿಯೇ ಆನ್ ಆಗುತ್ತಿತ್ತು. ಒಂದು ದಿನ ಒಂದೇ ಸಲ, ಇನ್ನೊಂದು ದಿನ ಆರು ಸಲ. ಹೊತ್ತು ಗೊತ್ತು ಏನೂ ಇಲ್ಲ.

ನಾಗರತ್ನ ಮಾಡುವುದು ಡಿಟಿಪಿ ಕೆಲಸ. ನಲವತ್ತೈದು ದಾಟಿದ ಮೇಲೆ ಕನ್ನಡ ಟೈಪಿಂಗ್ ಕಲಿತವಳು. ಅಟ್ಟೂರು ಲೇಔಟಿನವರ ಗೃಹಪ್ರವೇಶ, ನಾಮಕರಣದ ಕಾರ್ಡುಗಳೆಲ್ಲ ಅವಳ ಕೈಯಿಂದಲೇ ಪೆನ್‌ಡ್ರೈವಿನಲ್ಲಿ ಪ್ರೆಸ್ಸಿಗೆ ಹೋಗುತ್ತವೆ. ಈ ಸಲ ಮೊದಲ ಬಾರಿಗೆ ಒಂದು ಇಡೀ ಪುಸ್ತಕ ಬಂದಿತ್ತು. ನಿವೃತ್ತ ಹೆಡ್‌ಮಿಸ್ ಜಯಮ್ಮ ಟೀಚರ್, ಚಿಕ್ಕಜಾಲದ ಸುತ್ತಮುತ್ತಲ ಅಜ್ಜಿಯರಿಂದ ಕೇಳಿ ಬರೆದುಕೊಂಡ ಸೋಬಾನೆ ಪದಗಳು. ನಾಲ್ಕು ನೋಟ್‌ಬುಕ್ ತುಂಬಾ.

"ಹಾಡಿದೋರಲ್ಲಿ ಈಗ ಇಬ್ಬರೇ ಉಳಿದಿರೋದು ಕಣಮ್ಮ. ಅವ್ರ ಕೈಗೆ ಪುಸ್ತಕ ಇಡ್ಬೇಕು ನಾನು" ಅಂದಿದ್ದರು ಟೀಚರ್.

ನಾನು ಸುಮ್ಮನಿರುವ ಆಸಾಮಿಯಲ್ಲ. ವಿಡಿಯೋ ನೋಡಿ ನೋಡಿ ಅರ್ಧ ಇಂಜಿನಿಯರ್ ಆದೆ. ಆಪರೇಟಿಂಗ್ ಸಿಸ್ಟಮ್ ಅಳಿಸಿ ಮತ್ತೆ ಹಾಕಿದೆ. ರ‍್ಯಾಮ್ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದೆ (ನಗಬೇಡಿ, ನೀವೂ ಮಾಡಿದ್ದೀರಿ). ಯುಪಿಎಸ್ ಬದಲಾಯಿಸಿದೆ. ಪ್ರತಿ ಸಲವೂ ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಕಥೆ.

ಕೊನೆಗೆ ತೀರ್ಪು ಕೊಟ್ಟೆ. "ನೀನೇ ಏನೋ ಒತ್ತುತೀಯ. ಇರ್ಲಿ, ಹತ್ತು ನಿಮಿಷಕ್ಕೊಂದ್ಸಲ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೋತಾ ಇರು."

ಅವಳು ಹಾಗೇ ಮಾಡಿದಳು. ಕಂಪ್ಯೂಟರ್ ಇನ್ನೂ ಜಾಸ್ತಿ ಆಫ್ ಆಗತೊಡಗಿತು.

ಒಂದು ಶುಕ್ರವಾರ ನೋಡಿದರೆ ನಾಲ್ಕೂ ನೋಟ್‌ಬುಕ್ ಬಟ್ಟೆ ಚೀಲದೊಳಗೆ. "ಸೋಮವಾರ ಟೀಚರ್‌ಗೆ ವಾಪಸ್ ಕೊಟ್ಬಿಡ್ತೀನಿ. ನನ್ನ ಕೈಗುಣಾನೇ ಸರಿ ಇಲ್ಲ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಂಗೆ?" ಅಂದಳು.

ನಾನು ಏನು ಹೇಳಬೇಕಿತ್ತು? "ಹೋಗ್ಲಿ ಬಿಡು, ಯಶವಂತಪುರದಲ್ಲಿ ಒಳ್ಳೆ ಪ್ರೆಸ್‌ಗಳಿವೆ, ಅವರೇ ಮಾಡ್ತಾರೆ" ಅಂದೆ. ಸಮಾಧಾನ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಶನಿವಾರ ತಣಿಸಂದ್ರದಿಂದ ರಫೀಕ್ ಬಂದರು. ಅಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದೆ. ಅವರು ತಲೆಯಾಡಿಸಿ, ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು.

"ಮೇಡಂ, ನೀವ್ ಕೂತ್ಕೊಳ್ಳಿ. ದಿನಾ ಹೆಂಗ್ ಕೆಲ್ಸ ಮಾಡ್ತೀರೋ ಹಂಗೇ ಮಾಡಿ. ನಾನ್ ಸುಮ್ನೆ ನೋಡ್ತೀನಿ."

ಅವಳು ಅರ್ಧ ಪುಟ ಟೈಪ್ ಮಾಡಿದಳು. ಬಗ್ಗಿ ಪೆನ್‌ಡ್ರೈವ್ ಸಿಕ್ಕಿಸಲು ಹೋದಳು. ಸ್ಕ್ರೀನ್ ಕಪ್ಪು.

ರಫೀಕ್ ಜೇಬಿನಿಂದ ಟೆಸ್ಟರ್ ತೆಗೆದು ಕಂಪ್ಯೂಟರಿನ ಕಬ್ಬಿಣದ ಕ್ಯಾಬಿನೆಟ್ಟಿಗೆ ಮುಟ್ಟಿಸಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಹತ್ತಿಕೊಂಡಿತು.

"ಮೇಡಂ, ಮುಟ್ಟಿದ್ರೆ ಕೈಗೆ ಜುಮ್ ಅನ್ನುತ್ತಾ?"

"ಅನ್ನುತ್ತೆ. ದಿನಾ ಅನ್ನುತ್ತೆ."

"ಸಾರ್, ನಿಮ್ ಮನೆಗೆ ಅರ್ಥಿಂಗ್ ಇಲ್ಲ. ಡಬ್ಬಕ್ಕೆ ಬಂದಿರೋ ಕರೆಂಟ್‌ಗೆ ಭೂಮಿಗಿಳಿಯೋಕೆ ದಾರಿ ಇಲ್ಲ. ನೀವು ಕಾಲಿಗೆ ರಬ್ಬರ್ ಚಪ್ಪಲಿ ಹಾಕ್ಕೊಂಡಿದ್ದೀರ, ಡಬ್ಬ ಮುಟ್ಟೋದೂ ಇಲ್ಲ. ಮೇಡಂ ಬರಿಗಾಲಲ್ಲಿ ಕೂತು ಪೆನ್‌ಡ್ರೈವ್ ಹಾಕ್ತಾರೆ. ಅವ್ರ ಮೈಯಿಂದ ಇಳಿಯುತ್ತೆ, ಆ ಏಟಿಗೆ ಬೋರ್ಡ್ ರೀಸ್ಟಾರ್ಟ್ ಆಗುತ್ತೆ. ಕಂಪ್ಯೂಟರ್ ಆಗಿದ್ದಕ್ಕೆ ಬಚಾವ್. ಗೀಸರ್‌ನಲ್ಲಿ ಏನಾದ್ರೂ ಲೀಕ್ ಆಗಿದ್ರೆ?"

ನಾನು ನನ್ನ ಚಪ್ಪಲಿ ನೋಡಿಕೊಂಡೆ, ಆಮೇಲೆ ಅವಳ ಬರಿಗಾಲು. (ಹಿಮ್ಮಡಿ ನೋವಿನ ನೆಪದಲ್ಲಿ ನನಗೆ ಮನೆಯೊಳಗೂ ಚಪ್ಪಲಿ. ಕಂಪ್ಯೂಟರ್ ಇರುವುದು ದೇವರ ಕೋಣೆಯ ಬಾಗಿಲಲ್ಲಿ, ಅವಳು ಅಲ್ಲಿ ಚಪ್ಪಲಿ ಮೆಟ್ಟುವ ಮಾತೇ ಇಲ್ಲ.)

"ಅರ್ಥಿಂಗ್ ಗುಂಡಿ ಎಲ್ಲಿದೆ ಸಾರ್?"

ಎಲ್ಲಿದೆ? ಕಾರಿನ ಕೆಳಗಿದೆ. ಮನೆ ಕಟ್ಟಿಸುವಾಗ ನಮ್ಮಪ್ಪ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ, ಪೈಪ್ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿಸಿದ್ದರು. ಗುಂಡಿ ಒಣಗಬಾರದು ಅಂತ, ಇರುವಷ್ಟು ದಿನ ವಾರಕ್ಕೊಂದು ಬಕೆಟ್ ನೀರು ಹುಯ್ಯುತ್ತಿದ್ದರು. ಗಿಡ ಇಲ್ಲದ ಕಡೆ ನೀರು ಹಾಕ್ತಾರೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅವರು ಹೋದ ಮೇಲೆ, ಈ ಕಾಟ ಶುರುವಾಗುವ ಸ್ವಲ್ಪ ಮುಂಚೆ, ನಾನು ಕಾರು ತಗೊಂಡೆ, ಅಂಗಳಕ್ಕೆ ಪಾರ್ಕಿಂಗ್ ಟೈಲ್ಸ್ ಹಾಕಿಸಿದೆ. "ಅಣ್ಣೋ, ಈ ಪೈಪು ಇಂಗೆ ಎದ್ ನಿಂತದೆ, ಏನ್ಮಾಡಾಣ?" ಅಂತ ಕೇಳಿದ್ದ ಮೇಸ್ತ್ರಿ. ಬಂಪರ್‌ಗೆ ತಾಗುತ್ತೆ, ಕುಯ್ದು ಮುಚ್ಚಾಕು ಅಂದವನು ನಾನೇ.

ಅಂದರೆ ಎರಡು ತಿಂಗಳಿಂದ ಅವಳ ತಲೆಗೆ ಕಟ್ಟಿದ ತಪ್ಪು ಪೂರ್ತಿ ನನ್ನದು. ನಾಚಿಕೆಯಾಯಿತು. ಆದರೂ ಗಂಡಸಿನ ಬುದ್ಧಿ ನೋಡಿ. ರಫೀಕ್ ಅಂಗಳ ನೋಡಲು ಹೋದದ್ದೇ ತಡ, ಅವಳ ಮೇಲೇ ಹರಿಹಾಯ್ದೆ.

"ಅಲ್ಲಾ, ಶಾಕ್ ಹೊಡೀತಿದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಹೇಳಿದ್ದೆ ಕಣ್ರೀ. ಮೂರು ಸಲ. ಮೊದ್ಲನೇ ಸಲ ಚಳಿಗಾಲ, ಹಂಗೇ ಆಗೋದು ಅಂದ್ರಿ. ಆಮೇಲೆ ನಿಂದು ಬರೀ ಭ್ರಮೆ ಅಂದ್ರಿ. ಮೂರನೇ ಸಲ ನೀವು ಮೊಬೈಲಿಂದ ತಲೇನೇ ಎತ್ತಲಿಲ್ಲ. ಕಂಪ್ಯೂಟರ್ ರಿಪೇರಿ ವಿಡಿಯೋ ನೋಡ್ತಿದ್ರಿ."

ಹೇಳಿದ್ದಳು. ನೆನಪಾಯಿತು. ವಿಡಿಯೋದಲ್ಲಿ ಬಂದ ಯಾರ್ಯಾರೋ ಗುರುತಿಲ್ಲದವರ ಸಲಹೆಯನ್ನು ನೋಟ್ ಮಾಡಿಕೊಂಡು ಕೇಳಿದ್ದೆ. ಕಾಯಿಲೆಯ ಲಕ್ಷಣವನ್ನು ಕೈಯಲ್ಲೇ ಹಿಡಿದುಕೊಂಡಿದ್ದವಳ ಮಾತು ಕಿವಿಗೇ ಬಿದ್ದಿರಲಿಲ್ಲ.

ಈಗ ಟೈಲ್ಸ್ ಒಡೆಸಿ ಹೊಸ ಗುಂಡಿ ಆಗಿದೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ. ಚೀಲದಿಂದ ನೋಟ್‌ಬುಕ್‌ಗಳು ಹೊರಗೆ ಬಂದಿವೆ. ಮೂರನೆಯದು ಮುಗಿಯುತ್ತಾ ಬಂತು, ಕಂಪ್ಯೂಟರ್ ಒಂದು ಸಲವೂ ಆಫ್ ಆಗಿಲ್ಲ. ತಪ್ಪಾಯ್ತು ಅಂತ ಹೇಳಿದೆ. "ಆಯ್ತು ಬಿಡಿ" ಅಂದಳು. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂತ ನಾನು ಅಂದುಕೊಳ್ಳಬಹುದಿತ್ತು.

ಆದರೆ ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಇನ್ನೂ ಏನೇನನ್ನು ಅವಳು ಮೂರು ಸಲ ಹೇಳಿ ಸುಮ್ಮನಾಗಿರಬಹುದು?