ಮುನಿವೆಂಕಟಯ್ಯನವರ ಬೋನಸ್ಸು

ಬ್ಯಾಟರಾಯನಪುರದಲ್ಲಿ ಮೊದಲು ಕಾರು ಇಟ್ಟವರು ಮುನಿವೆಂಕಟಯ್ಯನವರು. ದ್ರಾಕ್ಷಿ ತೋಟದವರು. ಐವತ್ತೈದನೇ ಇಸವಿಯಲ್ಲಿ ಬೆಂಗಳೂರು ದಂಡಿನ ಕಡೆಯ ಒಬ್ಬ ಡಾಕ್ಟರು ಊರು ಬಿಟ್ಟು ಹೋಗುವಾಗ ಮಾರಿದ ಹಳೇ ಮೋರಿಸ್ ಅದು. ಕಪ್ಪು ಬಣ್ಣ. ಮುನಿವೆಂಕಟಯ್ಯನವರು ಅದನ್ನು ಓಡಿಸುತ್ತಿದ್ದರು ಎನ್ನುವುದಕ್ಕಿಂತ ನಡೆಸಿಕೊಂಡು ಹೋಗುತ್ತಿದ್ದರು ಎಂದರೆ ಸರಿ. ಹೆಬ್ಬಾಳದ ಕೆರೆ ಏರಿಯ ಮೇಲೆ ಎತ್ತಿನ ಗಾಡಿಯವರು ಹಿಂದಿನಿಂದ ಕೂಗುತ್ತಿದ್ದರು.

"ಯಜಮಾನ್ರೇ, ಒಸಿ ಪಕ್ಕಕ್ಕೆ ಓಗಿ. ನಮ್ಗೆ ಸಂತೆಗೆ ತಡ ಆಯ್ತದೆ."

ಅವರು ಪಕ್ಕಕ್ಕೆ ಹೋಗುತ್ತಿದ್ದರು. ಕೋಪ ಮಾಡಿಕೊಳ್ಳುತ್ತಿರಲಿಲ್ಲ. ಕಾರು ಒರೆಸಿಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ನಾನು; ನನಗೆ ಹೇಳುತ್ತಿದ್ದರು: "ಓಗ್ಲಿ ಬುಡೋ. ಅವ್ನ ಗಾಡಿಗೆ ಬೋನಸ್ ಐತಾ?"

ಬೋನಸ್ ಎಂದರೆ ಕಾರಿನ ವಿಮೆಯದು. ಒಂದು ವರ್ಷ ಪೂರ್ತಿ ಕಂಪನಿಯಿಂದ ಏನೂ ಪರಿಹಾರ ಕೇಳದಿದ್ದರೆ ಮುಂದಿನ ವರ್ಷದ ಕಂತಿನಲ್ಲಿ ಸ್ವಲ್ಪ ಬಿಡುತ್ತಾರೆ. ಅದಕ್ಕೆ ನೋ ಕ್ಲೈಮ್ ಬೋನಸ್ ಅಂತ ಹೆಸರು. ಬೇರೆಯವರಿಗೆ ಅದೊಂದು ರಿಯಾಯಿತಿ. ಇವರಿಗೆ ಅದು ಅರಮನೆಯಲ್ಲಿ ಹೊದಿಸಿದ ಶಾಲು. ಏಜೆಂಟ್ ನರಸಿಂಹಯ್ಯ ಯಶವಂತಪುರದಿಂದ ಸೈಕಲ್ ತುಳಿದುಕೊಂಡು ಬಂದು "ಈ ವರ್ಷಾನೂ ಬೋನಸ್ ಇದೆ ಯಜಮಾನ್ರೇ" ಎಂದರೆ ಸಾಕು, ಆವತ್ತು ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಕಾಫಿ.

ಅವರ ಪಕ್ಕದ ಮನೆಯಲ್ಲಿ ಮಾರಕ್ಕ ಇದ್ದರು. ತೀರಿಹೋದ ಅಣ್ಣನ ಹೆಂಡತಿ. ತಾಯಿ ಇಲ್ಲದ ಮುನಿವೆಂಕಟಯ್ಯನವರನ್ನು ಎತ್ತಿ ಬೆಳೆಸಿದವರು. ಹಾವಿಗೂ ಹೆದರದ ಹೆಂಗಸು. ಹೆದರುತ್ತಿದ್ದದ್ದು ಚೌತಿ ಚಂದ್ರನಿಗೆ ಮಾತ್ರ.

ಗಣೇಶನ ಚೌತಿಯ ದಿನ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ ಎನ್ನುತ್ತಾರೆ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಪಕ್ಕದ ಮನೆ ಸೂರಿನ ಮೇಲೆ ಕಲ್ಲು ಎಸೆದು ಚೆನ್ನಾಗಿ ಬೈಸಿಕೊಳ್ಳಬೇಕು. ಬೈಗುಳದಲ್ಲಿ ದೋಷ ತೊಳೆದು ಹೋಗುತ್ತದೆ.

ಅರವತ್ತೊಂದರ ಚೌತಿಯ ಸಂಜೆ ಎಮ್ಮೆಗೆ ಹುಲ್ಲು ಹಾಕಲು ಹೊರಗೆ ಬಂದ ಮಾರಕ್ಕ ಮರೆತು ತಲೆ ಎತ್ತಿದರು. ಹುಣಸೆ ಮರದ ಪಕ್ಕದಲ್ಲೇ ಚಂದ್ರ. ಬೈಸಿಕೊಳ್ಳಲು ದೂರ ಹೋಗಬೇಕಾಗಿರಲಿಲ್ಲ. ಮುನಿವೆಂಕಟಯ್ಯನವರ ಹೆಂಡತಿ ಬೈರಮ್ಮನವರ ಬಾಯಿ ಯಲಹಂಕದವರೆಗೂ ಹೆಸರುವಾಸಿ. ಸಣ್ಣ ಕಲ್ಲಿಗೆ ಸಣ್ಣ ಬೈಗುಳ ಬಿದ್ದೀತು ಎಂದು ಮಾರಕ್ಕ ತೆಂಗಿನಕಾಯಿ ಗಾತ್ರದ ಕಲ್ಲನ್ನೇ ಆರಿಸಿಕೊಂಡರು. ಎರಡೂ ಕೈಯಲ್ಲಿ ಎತ್ತಿ ಎಸೆದರು.

ಕಲ್ಲು ಹೆಂಚಿನ ಮೇಲೆ ಬಿತ್ತು. ಅಲ್ಲಿಂದ ಜಾರಿ ಕೆಳಗೆ ನಿಂತಿದ್ದ ಕಾರಿನ ಮುಂದಿನ ಗಾಜಿನ ಮೇಲೆ ಬಿತ್ತು. ಗಾಜು ಉಳಿಯಲಿಲ್ಲ.

"ಯಾವನ್ಲಾ ಅವ್ನು! ನಿನ್ ಕೈ ಸೇದೋಗ! ನಿನ್ ಮನೆ ಆಳಾಗ!" ಎಂದು ಬೈರಮ್ಮ ಹೊರಗೆ ಬಂದರು. ಬಂದು ನೋಡಿದರೆ ಗೋಡೆಯಾಚೆ ವಾರಗಿತ್ತಿ. ಬಾಯಿ ನಿಂತುಹೋಯಿತು.

"ಯಾಕೆ ನಿಲ್ಲುಸ್ದೆ?" ಎಂದರು ಮಾರಕ್ಕ. "ಬೈಯಿ, ಬೈಯಿ. ಅರ್ದಕ್ಕೆ ಬುಟ್ರೆ ಪಲ ಸಿಗಾಕಿಲ್ಲ."

"ಅಕ್ಕಾ, ಕಾರಿನ ಗಾಜು..."

"ಅದುನ್ನೂ ಸೇರಿಸ್ಕೊಂಡು ಬೈಯೇ!"

ಬೈರಮ್ಮ ಬೈಯಲಿಲ್ಲ. ಹಿರಿಯರನ್ನು ಹೆಸರಿಟ್ಟು ಹೇಗೆ ಬೈಯುವುದು? ಮಾರಕ್ಕ ಅರೆಮನಸ್ಸಿನಲ್ಲಿ ಒಳಗೆ ಹೋದರು.

ಎರಡು ದಿನ ಕಳೆದು ನರಸಿಂಹಯ್ಯ ಬಂದರು. ನಾನು ಸೀಟಿನ ಸಂದಿಯಿಂದ ಗಾಜಿನ ಚೂರು ಆರಿಸುತ್ತಿದ್ದೆ. ಬೈರಮ್ಮ ಮಜ್ಜಿಗೆ ತಂದು ಅಲ್ಲೇ ನಿಂತರು. ಮಾರಕ್ಕ ತೋಟಕ್ಕೆ ಹೋಗಿದ್ದರು.

"ಯಾರೋ ಕಲ್ಲು ಹೊಡೆದ್ರೂ ಕಂಪನಿ ಕೊಡುತ್ತೆ ಯಜಮಾನ್ರೇ. ಆದ್ರೆ ಈ ಸಲದ ಬೋನಸ್ ಹೋಗುತ್ತೆ" ಎಂದರು ನರಸಿಂಹಯ್ಯ.

"ಕಾರು ನಿಂತಿತ್ತು ಕಣ್ರೀ! ನಾನು ಗಣೇಶನ ಮುಂದೆ ಕುಂತಿದ್ದೆ. ನಂದೇನ್ ತಪ್ಪು?"

"ತಪ್ಪು ಮಾಡ್ಲಿಲ್ಲ ಅಂತ ಕೊಡೋ ಬೋನಸ್ ಅಲ್ಲ ಇದು. ಕೇಳ್ಲಿಲ್ಲ ಅಂತ ಕೊಡೋದು. ಯಾರು ಒಡೆದ್ರೂ ಅಷ್ಟೆ. ನೀವು ಕೇಳಿದ್ರೆ ಹೋಯ್ತು."

ಮುನಿವೆಂಕಟಯ್ಯನವರ ಮುಖ ಇಳಿಯಿತು. ನರಸಿಂಹಯ್ಯ ಸಮಾಧಾನ ಹೇಳಿದರು. "ಹೋದ್ರೆ ಹೋಗ್ಲಿ ಬಿಡಿ. ಗಾಜು ಮದ್ರಾಸಿಂದ ಬರ್ಬೇಕು. ನಿಮಗೆ ಇದುವರೆಗೂ ಬಂದಿರೋ ಬೋನಸ್ ಎಲ್ಲಾ ಸೇರಿಸಿದ್ರೂ ಅದರ ಬೆಲೆ ಆಗಲ್ಲ. ಕ್ಲೈಮ್ ಮಾಡೋದೇ ಲಾಭ."

ಇವರು ಯೋಚನೆ ಮಾಡಿದರು. "ಸರಿ ಅಂಗಾರೆ. ಕೇಳಾನ."

"ಸ್ಟೇಷನ್ನಲ್ಲಿ ಒಂದು ಕಂಪ್ಲೇಂಟ್ ಬರೆಸಿ. ಇಂಥೋರು ಬೇಕಂತ ಕಲ್ಲು ಹೊಡೆದು ಗಾಜು ಒಡೆದ್ರು ಅಂತ."

"ಇಂಥೋರು ಅಂದ್ರೆ?"

"ಹೆಸರು. ಗೊತ್ತಿದ್ದೂ ಮುಚ್ಚಿಟ್ರೆ ತಪ್ಪಾಗುತ್ತೆ."

"ಅವ್ರು ಕೇಡಿಗೆ ಒಡೀಲಿಲ್ಲ ಸ್ವಾಮಿ. ಬೈಸ್ಕೊಳಾಕೆ ಒಡುದ್ರು."

"ಬೈಸ್ಕೊಳ್ಳೋಕೆ ಅಂತ ಬರೆಯೋದಕ್ಕೆ ಫಾರಂನಲ್ಲಿ ಜಾಗ ಇಲ್ಲ ಯಜಮಾನ್ರೇ."

ನರಸಿಂಹಯ್ಯ ಮಜ್ಜಿಗೆ ಕುಡಿದು, ಯೋಚನೆ ಮಾಡಿ ಹೇಳಿ ಎಂದು ಹೊರಟರು.

ಕಂಪ್ಲೇಂಟಿನ ಮಾತು ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ಅರಳಿಕಟ್ಟೆಯ ಲಕ್ಕಣ್ಣ ದಾರಿಯಲ್ಲಿ ಮಾರಕ್ಕನನ್ನು ನಿಲ್ಲಿಸಿ ಕೇಳಿದ: "ಏನ್ ಮಾರಕ್ಕ, ಪೋಲೀಸ್ನೋರು ಬತ್ತವ್ರಂತೆ. ಜೈಲ್ಗೆ ಎಮ್ಮೇನೂ ಕರ್ಕೊಂಡ್ ಓಯ್ತೀಯೋ, ನಮ್ಗೆ ಬುಟ್ಟೋಯ್ತೀಯೋ?" ತಮಾಷೆಗೆ ಹೇಳಿದ್ದು. ಮಾರಕ್ಕ ನಗಲಿಲ್ಲ. ಆ ರಾತ್ರಿ ಊಟ ಬಿಟ್ಟರು. ಕರೆಯಲು ಹೋದ ಬೈರಮ್ಮನಿಗೆ ಹೇಳಿದರಂತೆ: "ನೀನು ಪೂರ್ತಿ ಬೈಲಿಲ್ಲ. ಅದುಕ್ಕೇ ಇಂಗಾಯ್ತು. ಈ ವಯಸ್ನಾಗೆ ಸ್ಟೇಷನ್ನಾಗೆ ನನ್ನೆಸ್ರು ಬರ್ಸ್ಕೋಬೇಕಾ?"

ಬೆಳಿಗ್ಗೆ ಮುನಿವೆಂಕಟಯ್ಯನವರು ಮನೆ ಎದುರಿನ ಅರಳಿಕಟ್ಟೆಗೆ ಬಂದು ನಿಂತರು. ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಾನು ಕಂಪ್ಲೇಂಟೂ ಕೊಡಾಕಿಲ್ಲ, ಕ್ಲೈಮೂ ಮಾಡಾಕಿಲ್ಲ. ಮಾಡಿದ್ರೆ ನನ್ ಬೋನಸ್ ಓಯ್ತದೆ!"

ಎಲ್ಲರೂ ನಕ್ಕರು. ಗೋಡೆಯಾಚೆಯಿಂದ ಮಾರಕ್ಕನ ದನಿ ಬಂತು. "ಅಯ್ಯೋ ಜುಗ್ಗ! ಗಾಜಿಗಿಂತ ಬೋನಸ್ ಎಚ್ಚಾಯ್ತೇನೋ ನಿಂಗೆ!" ಆವತ್ತು ಅವರು ಎರಡು ಮುದ್ದೆ ಉಂಡರು.

ಪಿತೃಪಕ್ಷ ಕಳೆದ ಮೇಲೆ ದಾಸರಹಳ್ಳಿಗೆ ಹೋಗಬೇಕಾಗಿ ಬಂತು. ಮಗಳು ಗಂಗರತ್ನಮ್ಮನಿಗೆ ಅಲ್ಲಿಯ ಹನುಮಯ್ಯನವರ ಮಗನನ್ನು ಕೇಳಿದ್ದರು. ಗಂಡಿನ ಮನೆ ನೋಡುವ ಶಾಸ್ತ್ರ. ಕಾರಿಗೆ ಗಾಜಿಲ್ಲ. ದ್ರಾಕ್ಷಿ ಫಸಲು ಬರುವವರೆಗೆ ತರಿಸುವ ಹಾಗೂ ಇಲ್ಲ. ಹಾಗೇ ಹೊರಟೆವು. ಮುಂದೆ ಮಾರಕ್ಕ, ಮುಖಕ್ಕೆ ಅಡ್ಡವಾಗಿ ಒಂದು ಮೊರ ಹಿಡಿದುಕೊಂಡು. ಹಿಂದೆ ಬೈರಮ್ಮ ಮತ್ತು ನಾನು, ತಲೆಗೆ ಬಟ್ಟೆ ಸುತ್ತಿಕೊಂಡು. ಗೊರಗುಂಟೆಪಾಳ್ಯ ದಾಟಿದ ಮೇಲೆ ತುಮಕೂರು ಲಾರಿಗಳು ಎದುರಾದವು. ಒಂದೊಂದು ಲಾರಿಗೂ ಒಂದೊಂದು ಬುಟ್ಟಿ ಧೂಳು.

ಹನುಮಯ್ಯನವರ ಮನೆ ಮುಂದೆ ಇಳಿದಾಗ ಒಬ್ಬ ಅಜ್ಜಿ ನಮ್ಮನ್ನು ನೋಡಿ ಒಳಗೆ ಹೋದರು. ಬೊಗಸೆಯಲ್ಲಿ ರಾಗಿ ತಂದರು. "ಜೋಳಿಗೆ ಎಲ್ಲಪ್ಪ?" ಎಂದು ಮುನಿವೆಂಕಟಯ್ಯನವರನ್ನೇ ಕೇಳಿದರು.

"ಅವ್ವಾ, ಬೀಗ್ರು ಕಣವ್ವಾ!" ಎಂದು ಹನುಮಯ್ಯ ಓಡಿಬಂದರು. ಕಾಲಿಗೆ ನೀರು ಕೊಟ್ಟರು, ಮುಖಕ್ಕೂ ಕೊಟ್ಟರು. ಜಗುಲಿಯಲ್ಲಿ ಕೂತ ಮೇಲೆ ಕಾರಿನ ಕಡೆ ನೋಡಿ ಕೇಳಿದರು: "ಗಾಜ್ ಏನಾಯ್ತು ಬೀಗ್ರೇ?"

ಮಾರಕ್ಕ ಬಾಯಿ ಹಾಕಿದರು. "ಒಡುದ್ದು ನಾನೇ ಬುಡಿ. ಆಕ್ಸದೆ ಇರೋನು ಇವ್ನು. ಕಂಪನೀನ ಕೇಳಿದ್ರೆ ಬೋನಸ್ ಓಯ್ತದಂತೆ. ಬೋನಸ್ಗೋಸ್ಕರ ನಮ್ಗೆಲ್ಲಾ ದೂಳ್ ತಿನ್ನುಸ್ದ."

"ನಿಜಾನಾ?" ಎಂದರು ಹನುಮಯ್ಯ.

ಬೈರಮ್ಮ ಬಾಯಿ ತೆರೆದರು. ಮುನಿವೆಂಕಟಯ್ಯನವರು ಒಂದು ಸಲ ಅವರ ಕಡೆ ನೋಡಿದರು. ಬೈರಮ್ಮ ಬಾಯಿ ಮುಚ್ಚಿದರು. ಆ ಬಾಯಿ ಹಾಗೆ ಮುಚ್ಚಿದ್ದನ್ನು ನೋಡಿದವರು ಕಡಿಮೆ.

"ಊಂ," ಎಂದರು ಮುನಿವೆಂಕಟಯ್ಯನವರು. "ಬೋನಸ್ ಅಂದ್ರೆ ನಂಗೆ ಒಸಿ ಆಸೆ."

ಹನುಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಕೈ ಬಿಗಿ ಇರುವ ಮನೆಯ ಹೆಣ್ಣು ಸಂಸಾರ ಚೆನ್ನಾಗಿ ತೂಗಿಸುತ್ತದೆ ಎಂದು ಅಲ್ಲೇ ಎಲೆ ಅಡಿಕೆ ತರಿಸಿದರು. ಸಂಬಂಧ ಕುದುರಿತು.

ವಾಪಸ್ ಬರುವಾಗ ಗೊರಗುಂಟೆಪಾಳ್ಯದ ಹತ್ತಿರ ಮತ್ತೆ ಲಾರಿಗಳ ಸಾಲು. ಮಾರಕ್ಕ ಮೈದುನನ ಮುಖ ನೋಡಿದರು. ಕಣ್ಣು ಕೆಂಪಗೆ ಆಗಿ ನೀರು ಸುರಿಯುತ್ತಿತ್ತು. ತಮ್ಮ ಮುಂದಿದ್ದ ಮೊರವನ್ನು ಎತ್ತಿ ಅವರ ಮುಖಕ್ಕೆ ಅಡ್ಡ ಹಿಡಿದರು.

"ಅತ್ಗೆ, ತಗೀರಿ. ದಾರಿ ಕಾಣಾಕಿಲ್ಲ."

"ದಾರಿ ನಾನ್ ಏಳ್ತೀನಿ. ನೀನು ಓಡ್ಸು."

ಯಶವಂತಪುರದವರೆಗೂ ಹಾಗೇ ಬಂದೆವು.